ಜಗದ್ಗುರುವಿನ ಮಾತು, ಭಕ್ತನ ಅಂತಸ್ಸಾಕ್ಷಿ: ಕಥೋಲಿಕ ಬೋಧನೆಯನ್ನು ಓದುವ ಕ್ರಮ

೧

ಶಿವಮೊಗ್ಗ ನಗರದಲ್ಲಿ ಬೆಂಗಳೂರು-ಹೊನ್ನಾವರ ರಸ್ತೆಯನ್ನು ಹಿಡಿದು ನಡೆಯುವವರಿಗೆ ಪವಿತ್ರ ಹೃದಯ ಪ್ರಧಾನಾಲಯದ ಉನ್ನತವಾದ ಕಟ್ಟಡವು ಪರಿಚಿತವೇ ಆಗಿದೆ. ಅಲ್ಲಿ ಕೂಡುವ ಕನ್ನಡ ಕಥೋಲಿಕರ ಧಾರ್ಮಿಕ ಪರಿಭಾಷೆಯನ್ನು ಗಮನಿಸಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರು ರೋಮಿನ ಪೋಪರನ್ನು ಜಗದ್ಗುರುಗಳೆಂದೂ ವಿಶ್ವಗುರುಗಳೆಂದೂ ಕರೆಯುತ್ತಾರೆ. ಬಿಷಪ್ಪರು ಅವರಲ್ಲಿ ಧರ್ಮಾಧ್ಯಕ್ಷರು. ಚರ್ಚ್ ಎಂಬ ಒಟ್ಟು ಸಮುದಾಯ ಧರ್ಮಸಭೆ. ಅವರ ಮುಖ್ಯ ಆರಾಧನೆ ಬಲಿಪೂಜೆ. ಹೊರನಾಡಿನಿಂದ ಬಂದ ಮತವೊಂದು ಕನ್ನಡದ ನೆಲದಲ್ಲಿ ಬೇರೂರಿದಾಗ ಇಲ್ಲಿಯ ಪದಸಂಪತ್ತಿನಿಂದಲೇ ತನ್ನ ಮನೆಯನ್ನು ಕಟ್ಟಿಕೊಂಡಿತೆಂಬುದಕ್ಕೆ ಇವು ಸಾಕ್ಷಿಯಾಗಿವೆ.

‘ಜಗದ್ಗುರು’ ಎಂಬ ಮಾತು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಆದರೆ ಒಂದೇ ಪದ ಎರಡು ಮನೆಗಳಲ್ಲಿ ಬಾಳುವಾಗ ಅದರ ಅರ್ಥವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ನಮ್ಮಲ್ಲಿ ಜಗದ್ಗುರು ಪೀಠಗಳು ಒಂದಕ್ಕಿಂತ ಹೆಚ್ಚು. ವಿರಕ್ತ ಪರಂಪರೆಯ ಮಠಗಳು ಬೇರೆ. ಒಂದು ಪೀಠದ ನಿರೂಪವು ಮತ್ತೊಂದರ ಶಿಷ್ಯವರ್ಗವನ್ನು ಬಂಧಿಸುವುದಿಲ್ಲ. ಕಥೋಲಿಕರಲ್ಲಾದರೋ ಪರಮಪೀಠ ಒಂದೇ. ಅದರ ವ್ಯಾಪ್ತಿ ಲೋಕವೆಲ್ಲ. ಇದನ್ನು ಹೊರಗಿನಿಂದ ಕಂಡವರಲ್ಲಿ ಎರಡು ಕಲ್ಪನೆಗಳು ಬಹುಕಾಲದಿಂದ ನೆಲೆಸಿವೆ. ಪೋಪರು ಆಡಿದ ಪ್ರತಿಯೊಂದು ಮಾತೂ ಅವರ ಅನುಯಾಯಿಗಳಿಗೆ ದೋಷರಹಿತವಾದುದು ಎಂಬುದು ಒಂದು. ಆದ್ದರಿಂದ ಕಥೋಲಿಕನಾದವನಿಗೆ ಸ್ವಂತ ವಿವೇಚನೆಯ ಹಂಗಿಲ್ಲ ಎಂಬುದು ಮತ್ತೊಂದು. ಇವೆರಡೂ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಉದ್ದೇಶಕ್ಕೆ ಒಂದು ಹಿನ್ನೆಲೆಯುಂಟು. ೧೯೯೦ರ ದಶಕದಲ್ಲಿ ನಾನು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದಾಗ ಪ್ರಬಂಧ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿದ್ದೆ. ಧರ್ಮ ಮತ್ತು ವಿಚಾರಶಕ್ತಿ ಎಂಬುದು ವಿಷಯ. ಒಬ್ಬ ಬಾಲಕ, ಕಥೋಲಿಕರಿಗೆ ಸ್ವಂತ ಬುದ್ಧಿಯಿಲ್ಲ, ರೋಮಿನಿಂದ ಬಂದ ಆಜ್ಞೆಯೇ ಅವರ ಬುದ್ಧಿ ಎಂದು ಬಹಳ ಓಜಸ್ಸಿನಿಂದ ಬರೆದಿದ್ದ. ಭಾಷೆ ಶುದ್ಧವಾಗಿತ್ತು, ವಾಕ್ಯಗಳು ಬಿಗಿಯಾಗಿದ್ದವು. ಮೊದಲ ಬಹುಮಾನವನ್ನು ಕೊಟ್ಟೆ. ಬಹುಮಾನಿತ ಪ್ರಬಂಧವನ್ನು ಸಭೆಯಲ್ಲಿ ಓದಿಸುವುದು ನಮ್ಮ ಪದ್ಧತಿ. ಅವನು ಓದುತ್ತಿದ್ದಾಗ ಹತ್ತನೆಯ ತರಗತಿಯ ಕಥೋಲಿಕ ಬಾಲಕಿಯೊಬ್ಬಳು ತಲೆ ತಗ್ಗಿಸಿ ಕುಳಿತಿದ್ದುದನ್ನು ಕಂಡೆ, ಕಂಡೂ ಕಾಣದವನಂತಿದ್ದೆ. ಸಂಜೆ ಗಣಿತದ ಅಧ್ಯಾಪಕರು, ಅವರೂ ಅದೇ ಮತದವರು, ನನ್ನ ಬಳಿಗೆ ಬಂದು ಹೇಳಿದರು: “ಪಂಡಿತರೇ, ಮೂಲವನ್ನೇ ನೋಡದೆ ಒಂದು ವಚನಕ್ಕೆ ಯಾರಾದರೂ ಅರ್ಥ ಹೇಳಿದರೆ ನೀವು ಅಂಕ ಕೊಡುತ್ತೀರಾ? ನಮ್ಮ ವಿಷಯದಲ್ಲಿ ಕೊಟ್ಟಿರಲ್ಲ!” ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ಆ ಮಾತು ಹೆಚ್ಚು ನಾಟಿತು. ಮೂಲವನ್ನು ನೋಡುವ ಕೆಲಸ ನಿವೃತ್ತಿಯ ನಂತರ ಸಾಧ್ಯವಾಯಿತು. ಹೀಗಾಗಿ ಈ ಲೇಖನವು ತಡವಾಗಿ ತಿದ್ದಿದ ಒಂದು ತೀರ್ಪೂ ಹೌದು.

೨

ನನ್ನ ವಿದ್ಯಾರ್ಥಿಯ ಆಕ್ಷೇಪ ಹೊಸದೇನಲ್ಲ. ಇಂಗ್ಲೆಂಡಿನ ಪ್ರಧಾನಮಂತ್ರಿ ಪದವಿಯಿಂದ ಆಗತಾನೆ ಇಳಿದಿದ್ದ ಗ್ಲಾಡ್‌ಸ್ಟನ್ ೧೮೭೪ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ ಇದನ್ನೇ ಹೇಳಿದ್ದ. ರೋಮಿನ ಹೊಸ ನಿರ್ಣಯವನ್ನು ಒಪ್ಪಿದ ಕಥೋಲಿಕನು ತನ್ನ ಬುದ್ಧಿಯ ಸ್ವಾತಂತ್ರ್ಯವನ್ನೂ ದೇಶನಿಷ್ಠೆಯನ್ನೂ ಪೋಪರ ಕೈಗೆ ಒಪ್ಪಿಸಿದಂತಾಯಿತೆಂಬುದು ಅವನ ವಾದದ ಸಾರ. ಆ ಹೊಸ ನಿರ್ಣಯ ಯಾವುದೆಂಬುದನ್ನು ಮೊದಲು ನೋಡಬೇಕು.

ಒಂಬತ್ತನೆಯ ಪಿಯುಸ್ ಪೋಪರು ಕರೆದ ವ್ಯಾಟಿಕನ್ನಿನ ಮೊದಲ ಮಹಾಸಭೆ ೧೮೬೯ರ ಡಿಸೆಂಬರಿನಲ್ಲಿ ಆರಂಭವಾಯಿತು. ೧೮೭೦ರ ಜುಲೈ ೧೮ರಂದು ಪೋಪರ ಪ್ರಮಾದರಾಹಿತ್ಯವನ್ನು ಕುರಿತ ನಿರ್ಣಯಕ್ಕೆ ೫೩೩ ಮತಗಳು ಪರವಾಗಿಯೂ ಕೇವಲ ೨ ಮತಗಳು ವಿರುದ್ಧವಾಗಿಯೂ ಬಿದ್ದವು. ಈ ಅಂಕಿಗಳನ್ನು ಮಾತ್ರ ಕಂಡವರಿಗೆ ಅಲ್ಲಿ ಭಿನ್ನಮತವೇ ಇರಲಿಲ್ಲವೆಂದು ತೋರಬಹುದು. ವಾಸ್ತವದಲ್ಲಿ ಸುಮಾರು ಅರುವತ್ತು ಮಂದಿ ಬಿಷಪ್ಪರು ಪೋಪರ ಸಮ್ಮುಖದಲ್ಲಿ ವಿರುದ್ಧವಾಗಿ ಮತ ಹಾಕಲು ಮನಸ್ಸಿಲ್ಲದೆ ಮೊದಲೇ ರೋಮನ್ನು ಬಿಟ್ಟು ಹೊರಟಿದ್ದರು. ಮರುದಿನವೇ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಆರಂಭವಾಯಿತು; ಸೆಪ್ಟೆಂಬರ್ ೨೦ರಂದು ಇಟಲಿಯ ಸೈನ್ಯ ರೋಮನ್ನು ಹಿಡಿಯಿತು; ಸಭೆ ಅಪೂರ್ಣವಾಗಿಯೇ ನಿಂತಿತು. ಪೋಪರ ಅಧಿಕಾರವನ್ನು ಹೇಳಿದ ಸಭೆಗೆ ಬಿಷಪ್ಪರ ಅಧಿಕಾರವನ್ನು ಪೂರ್ಣವಾಗಿ ಹೇಳಲು ಅವಕಾಶ ದೊರೆಯಲಿಲ್ಲ. ಮುಂದೆ ಹಲವು ದಶಕಗಳವರೆಗೆ ಚಿತ್ರವು ಒಂದು ಕಡೆಗೆ ವಾಲಿದಂತೆ ಕಂಡುದಕ್ಕೆ ಇದೂ ಒಂದು ಕಾರಣ.

ಇನ್ನು ನಿರ್ಣಯದ ಒಳಗನ್ನು ನೋಡೋಣ. ಪೋಪರ ಪ್ರತಿಯೊಂದು ಮಾತೂ ಪ್ರಮಾದರಹಿತವೆಂದು ಅದು ಹೇಳುವುದಿಲ್ಲ. ಅವರು ಸಮಸ್ತ ಕ್ರೈಸ್ತರ ಪಾಲಕ ಮತ್ತು ಬೋಧಕ ಎಂಬ ಪದವಿಯಿಂದ ಮಾತನಾಡುತ್ತಿರಬೇಕು. ತಮ್ಮ ಪರಮಾಧಿಕಾರವನ್ನು ಬಳಸುತ್ತಿರಬೇಕು. ವಿಷಯವು ಶ್ರದ್ಧೆಗೆ ಅಥವಾ ನೀತಿಗೆ ಸಂಬಂಧಿಸಿರಬೇಕು. ಇಡೀ ಧರ್ಮಸಭೆ ಅದನ್ನು ಒಪ್ಪಿ ಹಿಡಿಯತಕ್ಕದ್ದೆಂದು ಖಚಿತವಾಗಿ ನಿರ್ಣಯಿಸುತ್ತಿರಬೇಕು. ಈ ನಾಲ್ಕೂ ಕೂಡಿದಾಗ ಮಾತ್ರ ಆ ಮಾತಿಗೆ ಪ್ರಮಾದರಾಹಿತ್ಯದ ಮುದ್ರೆ. ೧೮೭೦ರ ನಂತರ ಇಂಥ ನಿರ್ಣಯ ಹೊರಬಿದ್ದುದು ಒಂದೇ ಬಾರಿ: ೧೯೫೦ರ ನವೆಂಬರ್ ೧ರಂದು, ಹನ್ನೆರಡನೆಯ ಪಿಯುಸ್ ಪೋಪರು ಮಾತೆ ಮರಿಯಳ ಸ್ವರ್ಗಸ್ವೀಕಾರವನ್ನು ಕುರಿತು ಮಾಡಿದ ಘೋಷಣೆ. ಒಂದೂವರೆ ಶತಮಾನವನ್ನು ಮೀರಿದ ಅವಧಿಯಲ್ಲಿ ಒಮ್ಮೆ ಮಾತ್ರ! ೧೯೮೩ರಲ್ಲಿ ಪ್ರಕಟವಾದ ಲ್ಯಾಟಿನ್ ಧರ್ಮಸಭೆಯ ಕಾನೂನು ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಬೋಧನೆ ಪ್ರಮಾದರಹಿತವಾಗಿ ನಿರ್ಣಯಿಸಲ್ಪಟ್ಟಿದೆ ಎಂಬುದು ಸ್ಪಷ್ಟವಾಗಿ ಸಿದ್ಧಪಡದ ಹೊರತು ಅದನ್ನು ಹಾಗೆಂದು ತಿಳಿಯಬಾರದೆಂದು ವಿಧಿಸಿತು.

ಹಾಗಾದರೆ ಉಳಿದ ಬೋಧನೆಗಳ ಗತಿಯೇನು? ಅವುಗಳನ್ನು ಬಿಡಬಹುದೆ? ಇದಕ್ಕೆ ವ್ಯಾಟಿಕನ್ನಿನ ಎರಡನೆಯ ಮಹಾಸಭೆ ೧೯೬೪ರಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದ ೨೫ನೆಯ ಪರಿಚ್ಛೇದದಲ್ಲಿ ಉತ್ತರ ಕೊಟ್ಟಿತು. ಪ್ರಮಾದರಹಿತವಲ್ಲದ ಬೋಧನೆಗೂ ಬುದ್ಧಿ ಮತ್ತು ಇಚ್ಛೆಗಳ ಗೌರವಪೂರ್ವಕವಾದ ಸಮ್ಮತಿ ಸಲ್ಲಬೇಕು. ಆದರೆ ಪೋಪರ ಆಶಯ ಯಾವ ಮಟ್ಟದ್ದೆಂಬುದನ್ನು ಮೂರು ಗುರುತುಗಳಿಂದ ತಿಳಿಯಬೇಕು: ದಾಖಲೆಯ ಸ್ವರೂಪ, ಅದೇ ಬೋಧನೆ ಮತ್ತೆ ಮತ್ತೆ ಬಂದಿರುವ ಪ್ರಮಾಣ, ಮಾತನ್ನು ಆಡಿದ ರೀತಿ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕೃತಿಯ ಪ್ರಕಾರ, ಆವೃತ್ತಿ, ಧ್ವನಿ ಇವುಗಳನ್ನು ನಾವು ವಿಮರ್ಶೆಯ ಮೊದಲ ಪಾಠವಾಗಿ ಕಲಿಸುತ್ತೇವೆ. ಅದೇ ಪಾಠವನ್ನು ಒಂದು ಧರ್ಮದ ಮಹಾಸಭೆ ತನ್ನ ಭಕ್ತರಿಗೆ ಕಲಿಸಿದೆ. ವಿಧೇಯನಾಗಬೇಕೆಂದರೂ ಭಕ್ತನು ಮೊದಲು ಓದುಗನಾಗಲೇಬೇಕು. ಓದದೆ ಆಜ್ಞೆಯ ತೂಕ ತಿಳಿಯದು; ತೂಕ ತಿಳಿಯದೆ ತಕ್ಕ ವಿಧೇಯತೆ ಸಾಧ್ಯವಾಗದು.

೩

ಗ್ಲಾಡ್‌ಸ್ಟನ್ನನಿಗೆ ಉತ್ತರ ಕೊಟ್ಟವರಲ್ಲಿ ಅಗ್ರಗಣ್ಯನಾದವನು ಜಾನ್ ಹೆನ್ರಿ ನ್ಯೂಮನ್. ೧೮೦೧ರಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ಇಂಗ್ಲೆಂಡಿನ ಚರ್ಚಿನ ಬೋಧಕನಾಗಿ ಪ್ರಸಿದ್ಧನಾದ ಈತ ೧೮೪೫ರಲ್ಲಿ ಕಥೋಲಿಕನಾದ. ೧೮೭೦ರ ನಿರ್ಣಯದ ತತ್ತ್ವವನ್ನು ಮೊದಲಿನಿಂದಲೂ ನಂಬಿದ್ದನಾದರೂ ಅದನ್ನು ಆ ಸಮಯದಲ್ಲಿ ಘೋಷಿಸುವುದು ಅನುಚಿತವೆಂದೇ ಅವನ ಅಭಿಪ್ರಾಯವಾಗಿತ್ತು. ೧೮೭೫ರಲ್ಲಿ ನಾರ್ಫಕ್ ಪ್ರಾಂತದ ಡ್ಯೂಕನನ್ನು ಉದ್ದೇಶಿಸಿ ಅವನು ಪ್ರಕಟಿಸಿದ ದೀರ್ಘ ಪತ್ರವು ನಮ್ಮ ವಿಷಯಕ್ಕೆ ಕೇಂದ್ರಗ್ರಂಥವೆನ್ನಬೇಕು. ಅದರ ಅಂತಸ್ಸಾಕ್ಷಿಯ ಪ್ರಕರಣದ ಕೊನೆಯಲ್ಲಿ ಒಂದು ಪ್ರಸಿದ್ಧವಾದ ಮಾತು ಬರುತ್ತದೆ. ಭೋಜನಾನಂತರ ಗೌರವಪಾನದ ವೇಳೆ ಧರ್ಮದ ಪ್ರಸ್ತಾಪ ತರಲೇಬೇಕೆಂದಾದರೆ, ತಾನು ಪೋಪರ ಹೆಸರಿನಲ್ಲಿ ಪಾನಮಾಡುವೆನಾದರೂ ಅಂತಸ್ಸಾಕ್ಷಿಗೆ ಮೊದಲ ಸ್ಥಾನವೆಂದು ಅಲ್ಲಿ ನ್ಯೂಮನ್ ಹೇಳುತ್ತಾನೆ.

ಈ ಒಂದು ಮಾತನ್ನು ಕಿತ್ತು ತೆಗೆದು, ಪೋಪರು ಏನೇ ಹೇಳಲಿ ನನಗೆ ತೋಚಿದ್ದೇ ನನಗೆ ಧರ್ಮ ಎಂಬುದಕ್ಕೆ ಆಧಾರ ಮಾಡಿಕೊಂಡವರು ಅನೇಕರು. ಇದು ಅಪವ್ಯಾಖ್ಯಾನ. ನ್ಯೂಮನ್ನನ ದೃಷ್ಟಿಯಲ್ಲಿ ಅಂತಸ್ಸಾಕ್ಷಿಯೆಂದರೆ ಇಷ್ಟಬಂದಂತೆ ಯೋಚಿಸುವ ಹಕ್ಕಲ್ಲ. ಮನುಷ್ಯನ ಒಳಗೆ ನಿಂತು ದೇವರ ಪರವಾಗಿ ಆಜ್ಞಾಪಿಸುವ ಧ್ವನಿ. ಹಕ್ಕಿನ ಮಾತಿಗಿಂತ ಋಣದ ಮಾತೇ ಅಲ್ಲಿ ಹೆಚ್ಚು. ಎರಡನೆಯದಾಗಿ, ಅಂತಸ್ಸಾಕ್ಷಿಯ ಕ್ಷೇತ್ರ ಯಾವುದು, ಪ್ರಮಾದರಾಹಿತ್ಯದ ಕ್ಷೇತ್ರ ಯಾವುದು ಎಂಬುದನ್ನು ಅವನು ಬೇರ್ಪಡಿಸುತ್ತಾನೆ. ಈ ಕ್ಷಣದಲ್ಲಿ, ಈ ಸಂದರ್ಭದಲ್ಲಿ, ನಾನು ಮಾಡಬೇಕಾದುದೇನು ಎಂಬುದು ಅಂತಸ್ಸಾಕ್ಷಿಯ ಪ್ರಶ್ನೆ. ಪೋಪರ ಪ್ರಮಾದರಹಿತ ನಿರ್ಣಯಗಳಾದರೋ ಸಾಮಾನ್ಯ ತತ್ತ್ವಗಳನ್ನು ಕುರಿತವು. ಆದ್ದರಿಂದ ಅವೆರಡೂ ನೇರವಾಗಿ ಢಿಕ್ಕಿ ಹೊಡೆಯುವ ಪ್ರಸಂಗವಿಲ್ಲ. ಪೋಪರ ಆಡಳಿತದ ಆಜ್ಞೆಗಳಿಗೂ ಅಂತಸ್ಸಾಕ್ಷಿಗೂ ವಿರೋಧ ಬರಬಹುದು. ಬಂದಾಗ ವಿರೋಧಿಸುವವನು ಗಂಭೀರವಾಗಿ ಆಲೋಚಿಸಿರಬೇಕು, ಪ್ರಾರ್ಥಿಸಿರಬೇಕು, ಸರಿಯಾದ ನಿರ್ಣಯಕ್ಕೆ ಬರಲು ದೊರೆಯುವ ಸಾಧನಗಳನ್ನೆಲ್ಲ ಬಳಸಿರಬೇಕು. ತಾನು ಸರಿಯೆಂದು ಸಾಧಿಸುವ ಹೊಣೆ ಅವನ ಮೇಲೆಯೇ ಇದೆ.

ಈ ವಾದ ಸೂಕ್ಷ್ಮವಾದುದು. ವಾದಿಸುವವನ ವಿನಯವೂ ಅದರ ಶೋಭೆಯನ್ನು ಹೆಚ್ಚಿಸಿದೆ. ರೋಮ್ ಇದನ್ನು ತಿರಸ್ಕರಿಸಲಿಲ್ಲವೆಂಬುದು ಇನ್ನೂ ಮುಖ್ಯ. ನ್ಯೂಮನ್ ೧೮೭೯ರಲ್ಲಿ ಕಾರ್ಡಿನಲ್ ಆದ. ೨೦೧೯ರಲ್ಲಿ ಸಂತನೆಂದು ಘೋಷಿತನಾದ. ೨೦೨೫ರಲ್ಲಿ ಹದಿನಾಲ್ಕನೆಯ ಲಿಯೋ ಪೋಪರು ಅವನಿಗೆ ಧರ್ಮಸಭೆಯ ಆಚಾರ್ಯ ಎಂಬ ಪದವಿಯನ್ನಿತ್ತರು. ಅಂತಸ್ಸಾಕ್ಷಿಗೆ ಮೊದಲ ಸ್ಥಾನ ಕೊಟ್ಟವನನ್ನು ಪೋಪರೇ ಆಚಾರ್ಯನೆಂದು ಮನ್ನಿಸಿರುವಾಗ ಕಥೋಲಿಕರಿಗೆ ಸ್ವಂತ ಬುದ್ಧಿಯಿಲ್ಲವೆಂಬ ಪ್ರಬಂಧಕ್ಕೆ ಬಹುಮಾನವಿತ್ತ ನನ್ನ ತೀರ್ಪು ಉಳಿಯಲಾರದು.

ಆದರೂ ನ್ಯೂಮನ್ನನಲ್ಲಿ ಒಂದು ಕೊರತೆಯುಂಟೆಂದು ನನಗೆ ತೋರುತ್ತದೆ. ಸಾಮಾನ್ಯ ತತ್ತ್ವ ಒಂದು ಕಡೆ, ವಿಶೇಷ ಕ್ರಿಯೆ ಮತ್ತೊಂದು ಕಡೆ ಎಂದು ಅವನು ಎಳೆದ ಗೆರೆ ಬದುಕಿನಲ್ಲಿ ಅಷ್ಟು ನೇರವಾಗಿ ಉಳಿಯುವುದಿಲ್ಲ. ಒಂದು ಕ್ರಿಯೆ ಎಲ್ಲ ಸಂದರ್ಭಗಳಲ್ಲಿಯೂ ನಿಷಿದ್ಧವೆಂದು ಸಾಮಾನ್ಯ ಬೋಧನೆಯೇ ಹೇಳಿದಾಗ, ಆ ಬೋಧನೆ ಪ್ರಮಾದರಹಿತವೆಂದು ಘೋಷಿತವಾಗಿಲ್ಲದಿದ್ದಾಗ, ವಿಶೇಷ ಸಂದರ್ಭದಲ್ಲಿ ಸಿಲುಕಿದ ಭಕ್ತನು ಏನು ಮಾಡಬೇಕು? ಈ ಪ್ರಶ್ನೆ ೧೯೬೮ರಲ್ಲಿ ಲಕ್ಷಾಂತರ ಮನೆಗಳ ಬಾಗಿಲಿಗೆ ಬಂದು ನಿಂತಿತು.

೪

ಆ ಪ್ರಶ್ನೆಯ ಪೂರ್ವಕಥೆಗೆ ನಮ್ಮ ನಾಡಿನಲ್ಲಿಯೂ ಒಂದು ತುದಿಯಿದೆ. ಶಿವಮೊಗ್ಗ ಜಿಲ್ಲೆಯೂ ಸೇರಿದ್ದ ಮೈಸೂರು ಸಂಸ್ಥಾನವು ೧೯೩೦ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಅದೇ ವರ್ಷದ ಡಿಸೆಂಬರ್ ೩೧ರಂದು ಹನ್ನೊಂದನೆಯ ಪಿಯುಸ್ ಪೋಪರು ಕೃತಕ ಸಂತಾನ ನಿರೋಧವನ್ನು ಖಂಡಿಸುವ ವಿಶ್ವಪತ್ರವನ್ನು ಹೊರಡಿಸಿದರು. ೧೯೫೨ರಲ್ಲಿ ಭಾರತ ಸರ್ಕಾರದ ಕುಟುಂಬ ಯೋಜನೆ ಆರಂಭವಾಯಿತು. ಮಲೆನಾಡಿನ ಕಥೋಲಿಕ ಗೃಹಸ್ಥನೊಬ್ಬನಿಗೆ ಗೋಡೆಯ ಮೇಲಿನ ಕೆಂಪು ತ್ರಿಕೋನವೂ ಪೂಜಾಪೀಠದಿಂದ ಬರುವ ಉಪದೇಶವೂ ಏಕಕಾಲದಲ್ಲಿ ಎದುರಾದುವು.

೧೯೬೩ರಲ್ಲಿ ನೇಮಕಗೊಂಡು ಮುಂದೆ ವಿಸ್ತರಿಸಲ್ಪಟ್ಟ ಆಯೋಗವೊಂದು ಈ ವಿಷಯವನ್ನು ಪರಿಶೀಲಿಸಿತು. ಅದರ ಬಹುಮತ ೧೯೬೬ರಲ್ಲಿ ಬದಲಾವಣೆಯ ಪರವಾಗಿ ಶಿಫಾರಸು ಮಾಡಿತು. ಆರನೆಯ ಪೌಲ್ ಪೋಪರು ಅದನ್ನು ಒಪ್ಪದೆ ೧೯೬೮ರ ಜುಲೈ ೨೫ರ ‘ಹುಮಾನೆ ವೀತೆ’ ಎಂಬ ವಿಶ್ವಪತ್ರದಲ್ಲಿ ಹಳೆಯ ಬೋಧನೆಯನ್ನೇ ಎತ್ತಿಹಿಡಿದರು. ಆದರೆ ಅದನ್ನು ಪತ್ರಕರ್ತರ ಮುಂದಿಟ್ಟ ವ್ಯಾಟಿಕನ್ನಿನ ವಕ್ತಾರರೇ ಇದು ಪ್ರಮಾದರಹಿತ ನಿರ್ಣಯವಲ್ಲವೆಂದು ಸ್ಪಷ್ಟಪಡಿಸಿದರು. ಅದೇ ಸೆಪ್ಟೆಂಬರಿನಲ್ಲಿ ಕೆನಡಾದ ಬಿಷಪ್ಪರು ವಿನಿಪೆಗ್ ನಗರದಲ್ಲಿ ಸೇರಿ, ಪ್ರಾಮಾಣಿಕವಾಗಿ ಯತ್ನಿಸಿಯೂ ಈ ಬೋಧನೆಯನ್ನು ಪಾಲಿಸಲಾರದೆ ತನಗೆ ಸರಿಯೆಂದು ಕಂಡ ಮಾರ್ಗವನ್ನು ಹಿಡಿದ ದಂಪತಿಗಳು ಸದಂತಃಕರಣದಿಂದಲೇ ನಡೆದುಕೊಂಡವರೆಂಬ ಅರ್ಥದ ಹೇಳಿಕೆಯನ್ನು ಹೊರಡಿಸಿದರು. ರೋಮ್ ತನ್ನ ಬೋಧನೆಯನ್ನು ಹಿಂತೆಗೆಯಲಿಲ್ಲ. ಅಸಂಖ್ಯಾತ ಭಕ್ತರು ಧರ್ಮಸಭೆಯನ್ನೂ ಬಿಡಲಿಲ್ಲ, ಆ ಬೋಧನೆಯನ್ನೂ ಪಾಲಿಸಲಿಲ್ಲ. ಇದರಲ್ಲಿ ಎಷ್ಟು ಪಾಲು ಅಂತಸ್ಸಾಕ್ಷಿ, ಎಷ್ಟು ಪಾಲು ಅನುಕೂಲ ಎಂಬುದನ್ನು ಹೊರಗಿನವರಾದ ನಾವು ಅಳೆಯಲಾಗದು.

ಇದು ಪೋಪರಿಗಿಂತ ಮುಂದೆ ಹೋಗಬಯಸಿದವರ ಕಥೆ. ಪೋಪರಿಗಿಂತ ಹಿಂದೆ ನಿಲ್ಲಬಯಸಿದವರ ಕಥೆಯೂ ಉಂಟು. ಅದು ಹೆಚ್ಚು ಬೋಧಪ್ರದ. ೧೮೬೪ರಲ್ಲಿ ಒಂಬತ್ತನೆಯ ಪಿಯುಸ್ ಹೊರಡಿಸಿದ ದೋಷಗಳ ಪಟ್ಟಿಯಲ್ಲಿ ಮತಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಹಲವು ಮಾತುಗಳು ಖಂಡನೆಗೆ ಗುರಿಯಾಗಿದ್ದುವು. ೧೯೬೫ರ ಡಿಸೆಂಬರ್ ೭ರಂದು ಎರಡನೆಯ ಮಹಾಸಭೆ ಮತಸ್ವಾತಂತ್ರ್ಯವನ್ನು ಮನುಷ್ಯನ ಘನತೆಗೆ ಸಹಜವಾದ ಹಕ್ಕೆಂದು ಸಾರಿತು. ಈ ಘೋಷಣೆಯ ಹಿಂದೆ ಅಮೆರಿಕದ ಜೆಸುವಿಟ್ ಪಂಡಿತ ಜಾನ್ ಕೋರ್ಟ್ನಿ ಮರ್ರೆಯ ಚಿಂತನೆಯಿತ್ತು. ಇದೇ ವಿಷಯದ ಮೇಲೆ ಬರೆಯಬಾರದೆಂದು ೧೯೫೦ರ ದಶಕದಲ್ಲಿ ಅವನ ಬಾಯನ್ನು ಕಟ್ಟಲಾಗಿತ್ತು. ಅವನು ಮೌನವನ್ನು ಸಹಿಸಿದ, ಮನೆಯನ್ನು ಬಿಡಲಿಲ್ಲ. ಹತ್ತು ವರ್ಷಗಳಲ್ಲಿ ಅವನ ಮಾತು ಮಹಾಸಭೆಯ ಮಾತಾಯಿತು.

ಫ್ರಾನ್ಸಿನ ಆರ್ಚ್‌ಬಿಷಪ್ ಮಾರ್ಸೆಲ್ ಲಫೆವ್ರ್ ಇದನ್ನು ಒಪ್ಪಲಿಲ್ಲ. ಹಿಂದಿನ ಪೋಪರ ಬೋಧನೆಗೆ ಇಂದಿನವರು ದ್ರೋಹ ಬಗೆದರೆಂಬುದು ಅವನ ವಾದ. ೧೯೮೮ರ ಜೂನ್ ೩೦ರಂದು ಸ್ವಿಟ್ಸರ್‌ಲ್ಯಾಂಡಿನ ಎಕೋನ್ ಎಂಬಲ್ಲಿ ಪೋಪರ ಅನುಮತಿಯಿಲ್ಲದೆ ನಾಲ್ವರನ್ನು ಬಿಷಪ್ಪರನ್ನಾಗಿ ಅಭಿಷೇಕಿಸಿ ಬಹಿಷ್ಕಾರಕ್ಕೆ ಒಳಗಾದ. ಸತ್ತ ಪೋಪರ ಮಾತಿನ ಬಲದಿಂದ ಬದುಕಿರುವ ಪೋಪರನ್ನು ಅಳೆಯುವುದು ಮೇಲ್ನೋಟಕ್ಕೆ ಗುರುಭಕ್ತಿಯಂತೆ ತೋರುತ್ತದೆ. ಆದರೆ ಹಳೆಯ ದಾಖಲೆ ತಾನಾಗಿ ಮಾತಾಡುವುದಿಲ್ಲ; ಅದರ ಅರ್ಥವೇನೆಂದು ಯಾರಾದರೂ ಹೇಳಬೇಕು. ಲಫೆವ್ರನ ವಿಷಯದಲ್ಲಿ ಹಾಗೆ ಹೇಳಿದವನು ಲಫೆವ್ರನೇ. ವ್ಯಕ್ತಿಗತ ವ್ಯಾಖ್ಯಾನವನ್ನು ಮುಕ್ತ ವಿಚಾರವಾದಿಗಳ ದೋಷವೆಂದು ಖ���ಡಿಸಿದವನು ಕೊನೆಗೆ ತನ್ನದೇ ವ್ಯಾಖ್ಯಾನದ ಮೇಲೆ ಬಂದು ನಿಂತ.

೫

ವ್ಯಾಖ್ಯಾನದ ಸಮಸ್ಯೆ ಅಧಿಕಾರದಲ್ಲಿರುವವರಿಗೂ ತಪ್ಪಿದ್ದಲ್ಲ. ಇದಕ್ಕೆ ನಮ್ಮ ದೇಶದ್ದೇ ಆದ ಒಂದು ನಿದರ್ಶನವಿದೆ. ಮುಂಬಯಿಯಲ್ಲಿ ೧೯೩೧ರಲ್ಲಿ ಹುಟ್ಟಿದ ಜೆಸುವಿಟ್ ಗುರು ಆಂಥನಿ ಡಿ ಮೆಲ್ಲೊ ಕಥಾಸಂಗ್ರಹಗಳಿಂದ ಲೋಕಪ್ರಸಿದ್ಧರಾದವರು. ಗುರುಶಿಷ್ಯರ ಸಣ್ಣ ಸಣ್ಣ ಪ್ರಸಂಗಗಳು, ಒಗಟಿನಂಥ ಉತ್ತರಗಳು, ಹಿಂದೂ, ಬೌದ್ಧ, ಸೂಫಿ ಮೂಲಗಳಿಂದ ಬಂದ ದೃಷ್ಟಾಂತಗಳು ಅವರ ಬರವಣಿಗೆಯ ಬಗೆ. ಅವರು ೧೯೮೭ರಲ್ಲಿ ತೀರಿಕೊಂಡರು. ಹನ್ನೊಂದು ವರ್ಷಗಳ ಮೇಲೆ, ೧೯೯೮ರಲ್ಲಿ, ಕಾರ್ಡಿನಲ್ ರಾಟ್ಸಿಂಗರ್ ಅವರ ಅಧ್ಯಕ್ಷತೆಯ ರೋಮಿನ ಶ್ರದ್ಧಾಬೋಧನಾ ಮಂಡಲಿ ಒಂದು ಸೂಚನೆಯನ್ನು ಪ್ರಕಟಿಸಿತು. ಡಿ ಮೆಲ್ಲೊ ಅವರ ಕೆಲವು ನಿಲುವುಗಳು ಕಥೋಲಿಕ ಶ್ರದ್ಧೆಗೆ ಹೊಂದುವುದಿಲ್ಲ, ಅವುಗಳಿಂದ ತೀವ್ರ ಹಾನಿಯಾಗಬಹುದು ಎಂಬುದು ಅದರ ತೀರ್ಮಾನ.

ಮಂಡಲಿಯ ಆತಂಕ ನಿರಾಧಾರವಾದುದೆಂದು ನಾನು ಹೇಳುವುದಿಲ್ಲ. ಯೇಸುವನ್ನು ಅನೇಕ ಗುರುಗಳಲ್ಲಿ ಒಬ್ಬನೆಂದು ತಿಳಿಯುವುದು ಅವರ ಶ್ರದ್ಧೆಯ ಬುಡವನ್ನೇ ಅಲುಗಿಸುತ್ತದೆ. ತನ್ನ ಬೋಧನೆ ಯಾವುದು, ಯಾವುದಲ್ಲ ಎಂದು ಹೇಳುವ ಹಕ್ಕು ಯಾವ ಸಮುದಾಯಕ್ಕಾದರೂ ಉಂಟು. ನನ್ನ ಆಕ್ಷೇಪ ಓದಿನ ಕ್ರಮಕ್ಕೆ ಸಂಬಂಧಿಸಿದ್ದು. ಕಥೆಯ ಪಾತ್ರವೊಂದರ ಬಾಯಿಂದ ಬಂದ ಮಾತು ಸಿದ್ಧಾಂತದ ವಾಕ್ಯವಲ್ಲ. ಕೇಳುವವನನ್ನು ಬೆಚ್ಚಿಬೀಳಿಸಿ ಯೋಚನೆಗೆ ಹಚ್ಚುವುದು ಅದರ ಕೆಲಸ. ಅಲ್ಲಮಪ್ರಭುವಿನ ಜನ್ಮಸ್ಥಳವಾದ ಬಳ್ಳಿಗಾವೆ ಇದೇ ಶಿವಮೊಗ್ಗ ಜಿಲ್ಲೆಯಲ್ಲಿದೆ. ಆತನ ಬೆಡಗಿನ ವಚನಗಳನ್ನು ಓದಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಬೆಡಗನ್ನು ವಾಚ್ಯಾರ್ಥದಲ್ಲಿ ಹಿಡಿದರೆ ಅಸಂಬದ್ಧ. ಅದಕ್ಕೆಂದೇ ನಮ್ಮ ಟೀಕಾಕಾರರು ಅಷ್ಟೊಂದು ಶ್ರಮಪಟ್ಟರು. ದಾಖಲೆಯ ಸ್ವರೂಪವನ್ನೂ ಮಾತಿನ ರೀತಿಯನ್ನೂ ನೋಡಿ ತೂಕ ಕಟ್ಟಬೇಕೆಂದು ಮಹಾಸಭೆ ಪೋಪರ ಬೋಧನೆಯ ವಿಷಯದಲ್ಲಿ ಹೇಳಿತಲ್ಲವೆ? ಅದೇ ಔದಾರ್ಯ ಕಥೆಗಾರನಿಗೂ ಸಲ್ಲಬೇಕಿತ್ತು. ಮುಂದೆ ಭಾರತದಲ್ಲಿ ಅಚ್ಚಾದ ಪ್ರತಿಗಳಲ್ಲಿ, ಇವು ಬಹುಧರ್ಮೀಯ ಪರಿಸರದಲ್ಲಿ ಅನ್ಯಮತೀಯರಿಗೂ ನಾಸ್ತಿಕರಿಗೂ ನೆರವಾಗಲೆಂದು ಬರೆದವು, ಕಥೋಲಿಕ ಸಿದ್ಧಾಂತದ ಕೈಪಿಡಿಗಳಲ್ಲ ಎಂಬ ಎಚ್ಚರಿಕೆಯನ್ನು ಸೇರಿಸಲಾಯಿತು. ನಿಷೇಧಕ್ಕಿಂತ ಈ ಎಚ್ಚರಿಕೆಯೇ ಸರಿಯಾದ ವಿಮರ್ಶೆ; ಕೃತಿ ಯಾವ ಪ್ರಕಾರಕ್ಕೆ ಸೇರಿದ್ದೆಂದು ಹೇಳಿ ಓದುಗನ ವಿವೇಕಕ್ಕೆ ಅದು ದಾರಿ ಬಿಡುತ್ತದೆ. ತೀರಿಕೊಂಡ ಲೇಖಕನು ತನ್ನ ಪರವಾಗಿ ಒಂದು ಮಾತನ್ನೂ ಹೇಳಲಾರದೆ ಹೋದನೆಂಬ ಕೊರಗು ಮಾತ್ರ ಉಳಿಯುತ್ತದೆ.

೬

ಇನ್ನು ಭದ್ರಾವತಿಗೆ ಮರಳೋಣ. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಆಮೇಲೆ ಬಂದ ಕಾಗದದ ಕಾರ್ಖಾನೆಯೂ ಈ ಊರಿಗೆ ನಾನಾ ಭಾಷೆಯ ಜನರನ್ನು ಕರೆತಂದುವು. ಸುತ್ತಲಿನ ಮಲೆನಾಡಿಗೆ ಕೇರಳದ ಕೃಷಿಕರು ಬಂದು ನೆಲೆಸಿದರು. ಹೀಗೆ ಬಂದವರಲ್ಲಿ ಕಥೋಲಿಕರಿದ್ದರು. ಆದರೆ ಎಲ್ಲರ ಪೂಜಾಕ್ರಮ ಒಂದೇ ಆಗಿರಲಿಲ್ಲ. ಲ್ಯಾಟಿನ್ ಕ್ರಮದವರಿಗಾಗಿ ೧೯೮೮ರ ನವೆಂಬರ್ ೧೪ರಂದು, ಚಿಕ್ಕಮಗಳೂರು ಧರ್ಮಕ್ಷೇತ್ರವನ್ನು ವಿಭಜಿಸಿ, ಶಿವಮೊಗ್ಗ ಧರ್ಮಕ್ಷೇತ್ರ ರಚಿತವಾಯಿತು. ಸಿರಿಯಾ ಮೂಲದ ಪೌರಸ್ತ್ಯ ಕ್ರಮವನ್ನು ಅನುಸರಿಸುವ ಸೀರೋ-ಮಲಬಾರ್ ಧರ್ಮಸಭೆಯವರಿಗಾಗಿ ೨೦೦೭ರಲ್ಲಿ ಭದ್ರಾವತಿ ಧರ್ಮಕ್ಷೇತ್ರ ಸ್ಥಾಪಿತವಾಯಿತು. ಜೋಸೆಫ್ ಅರುಮಚ್ಚಾಡತ್ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಹದಿನೆಂಟು ಕಿಲೋಮೀಟರುಗಳಷ್ಟು ಅಂತರದ ಎರಡು ಊರುಗಳಲ್ಲಿ ಇಬ್ಬರು ಧರ್ಮಾಧ್ಯಕ್ಷರು, ಎರಡು ಪೂಜಾಕ್ರಮಗಳು, ೧೯೮೩ರದೊಂದು ಮತ್ತು ೧೯೯೦ರದೊಂದು ಎಂದು ಎರಡು ಕಾನೂನು ಸಂಹಿತೆಗಳು. ಪೋಪರು ಮಾತ್ರ ಒಬ್ಬರೇ. ಲೋಕದಲ್ಲಿ ಇಂಥ ಸ್ವಾಯತ್ತ ಧರ್ಮಸಭೆಗಳು ಇಪ್ಪತ್ತನಾಲ್ಕು. ಏಕಪೀಠವೆಂದರೆ ಏಕರೂಪವಲ್ಲವೆಂಬುದಕ್ಕೆ ನಮ್ಮ ಜಿಲ್ಲೆಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಭದ್ರಾವತಿಯು ಸೇರಿರುವ ಈ ಸೀರೋ-ಮಲಬಾರ್ ಧರ್ಮಸಭೆಯ ಮೂಲನೆಲೆಯಾದ ಕೇರಳದಲ್ಲಿ ಇತ್ತೀಚೆಗೆ ನಡೆದ ವಿವಾದವೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಬಲಿಪೂಜೆಯಲ್ಲಿ ಗುರುವು ಯಾವ ಭಾಗದಲ್ಲಿ ಜನರಿಗೆ ಮುಖಮಾಡಬೇಕು, ಯಾವ ಭಾಗದಲ್ಲಿ ಬಲಿಪೀಠಕ್ಕೆ ಮುಖಮಾಡಬೇಕು ಎಂಬ ಬಗ್ಗೆ ಅದರ ಬಿಷಪ್ಪರ ಸಭೆ ೧೯೯೯ರಲ್ಲಿ ಏಕರೂಪದ ಕ್ರಮವೊಂದನ್ನು ನಿಶ್ಚಯಿಸಿತ್ತು. ೨೦೨೧ರ ಜುಲೈ ೩ರಂದು ಫ್ರಾನ್ಸಿಸ್ ಪೋಪರು ಅದನ್ನು ಜಾರಿಗೆ ತರಬೇಕೆಂದು ಪತ್ರ ಬರೆದರು. ಎರ್ನಾಕುಳಂ-ಅಂಗಮಾಲಿ ಪ್ರಾಂತದ ಬಹುಮಂದಿ ಗುರುಗಳೂ ಭಕ್ತರೂ ಒಪ್ಪಲಿಲ್ಲ. ಪ್ರಧಾನಾಲಯದಲ್ಲಿ ಘರ್ಷಣೆ ನಡೆದು ಅದು ಮುಚ್ಚುವಂತಾಯಿತು. ೨೦೨೩ರ ಡಿಸೆಂಬರಿನಲ್ಲಿ ಪೋಪರು ಚಲಚ್ಚಿತ್ರ ಸಂದೇಶದ ಮೂಲಕ ತಾವೇ ಅವರನ್ನು ಕೇಳಿಕೊಂಡರು. ಆಗಲೂ ಎಲ್ಲ ಸರಿಹೋಗಲಿಲ್ಲ. ಕೊನೆಗೆ ೨೦೨೪ರ ಜುಲೈ ೩ರಿಂದ ಭಾನುವಾರಗಳಲ್ಲಿಯೂ ಮುಖ್ಯ ಹಬ್ಬಗಳಲ್ಲಿಯೂ ಪ್ರತಿ ಚರ್ಚಿನಲ್ಲಿ ಕನಿಷ್ಠ ಒಂದು ಬಲಿಪೂಜೆ ಏಕರೂಪದ ಕ್ರಮದಲ್ಲಿರಬೇಕೆಂಬ ಒಪ್ಪಂದಕ್ಕೆ ಬರಲಾಯಿತು.

ಈ ವಿವಾದದಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ರೋಮಿನಿಂದ ಆಜ್ಞೆ ಬಂದೊಡನೆ ತಲೆಬಾಗುವವರೆಂದು ನಾವು ತಿಳಿದ ಜನರು, ಪೋಪರು ಮೂರು ವರ್ಷ ಬರೆದು ಬೇಡಿದರೂ ತಮ್ಮ ಪೂಜಾಕ್ರಮವನ್ನು ಬಿಡಲಿಲ್ಲ. ಜಗದ್ಗುರುವಿನ ಹೆಸರಿನ ಅಧಿಕಾರ ವಾಸ್ತವದಲ್ಲಿ ಪತ್ರ, ವಿನಂತಿ, ಸಂಧಾನಗಳ ಮೂಲಕವೇ ನಡೆಯಬೇಕಾಯಿತು. ಎರಡೂ ಪಕ್ಷದವರು ತಾವು ನಿಷ್ಠ ಕಥೋಲಿಕರೆಂದೇ ಹೇಳಿಕೊಂಡರೆಂಬುದನ್ನೂ ಮರೆಯಬಾರದು.

೭

ಇಷ್ಟೆಲ್ಲದರಿಂದ ನಾನು ಕಂಡುಕೊಂಡುದನ್ನು ಸಂಗ್ರಹವಾಗಿ ಹೇಳಬಹುದು. ಅಧಿಕಾರವೋ ವ್ಯಾಖ್ಯಾನವೋ ಎಂದು ಪ್ರಶ್ನೆಯನ್ನು ಇಬ್ಭಾಗ ಮಾಡುವುದೇ ತಪ್ಪು. ವ್ಯಾಖ್ಯಾನವಿಲ್ಲದ ಅಧಿಕಾರವೂ ಇಲ್ಲ, ಯಾರಿಗೂ ಉತ್ತರ ಕೊಡಬೇಕಿಲ್ಲದ ವ್ಯಾಖ್ಯಾನವೂ ಇರಕೂಡದು. ಕಥೋಲಿಕ ವ್ಯವಸ್ಥೆಯ ಬಲವೆಂದರೆ ವಿವಾದ ಬಂದಾಗ ಬದುಕಿರುವ ಒಂದು ಧ್ವನಿ ಉತ್ತರ ಹೇಳಬಲ್ಲದು. ಅದರ ದೌರ್ಬಲ್ಯವೆಂದರೆ ಕೆಳಗಿನ ತೂಕದ ದಾಖಲೆಗಳಿಗೂ ಮೇಲಿನ ತೂಕದ ಪ್ರಭೆ ಅಂಟಿಕೊಂಡು, ಸಾಮಾನ್ಯ ಭಕ್ತನು ಎಲ್ಲಕ್ಕೂ ಒಂದೇ ಬಗೆಯಲ್ಲಿ ಅಂಜುವಂತಾಗುತ್ತದೆ. ಆ ಅಂಜಿಕೆಯನ್ನು ಅವರ ಮೂಲಗ್ರಂಥಗಳು ವಿಧಿಸಿಲ್ಲ. ಓದಿನ ಅಭಾವ ಅದನ್ನು ಬೆಳೆಸಿದೆ.

ವಚನ ಸಾಹಿತ್ಯದ ಪರಂಪರೆಯಲ್ಲಿ ಇಂಥ ಕೇಂದ್ರ ಧ್ವನಿಯಿಲ್ಲ. ಶೂನ್ಯಸಂಪಾದನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಜೋಡಿಸಿದರು. ನಾವು ನಾಲ್ಕನ್ನೂ ಇಟ್ಟುಕೊಂಡು ಓದುತ್ತೇವೆ. ಇದು ನಮಗೆ ಸಿಕ್ಕ ಸ್ವಾತಂತ್ರ್ಯ. ಆದರೆ ಒಂದು ವಚನದ ಅರ್ಧ ಸಾಲನ್ನು ಹಿಡಿದು ತನ್ನ ಮತವನ್ನು ಶರಣರ ಮತವೆಂದು ಸಾರುವವನನ್ನು ತಡೆಯಲು ನಮ್ಮಲ್ಲಿ ಓದುಗನ ಎಚ್ಚರವೊಂದೇ ಉಪಾಯ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ರೂಪದಲ್ಲಿ, ಎಷ್ಟು ಬಾರಿ, ಯಾವ ಧ್ವನಿಯಲ್ಲಿ ಎಂಬ ಪ್ರಶ್ನೆಗಳನ್ನು ನಮ್ಮ ಗ್ರಂಥಗಳಿಗೆ ಹಾಕುವ ವಿದ್ಯಾರ್ಥಿಗಳು ನೆರೆಯವರ ಗ್ರಂಥಗಳಿಗೂ ಅದೇ ಪ್ರಶ್ನೆಗಳನ್ನು ಹಾಕಬೇಕು. ನಮ್ಮದಕ್ಕೆ ಒಂದು ಅಳತೆ, ಅವರದಕ್ಕೆ ಇನ್ನೊಂದು ಅಳತೆ ಎಂಬುದು ವಿಮರ್ಶೆಯಲ್ಲ.

ಆ ಬಾಲಕಿ ಮುಂದೆ ಯಾವ ಸ್ಪರ್ಧೆಗೂ ಹೆಸರು ಕೊಡದೆ ಶಾಲೆಯನ್ನು ಮುಗಿಸಿ ಹೋದಳು. ಗಣಿತದ ಅಧ್ಯಾಪಕರು ನನಗಿಂತ ಮೊದಲೇ ನಿವೃತ್ತರಾದರು. ಪ್ರಬಂಧ ಬರೆದ ಬಾಲಕನ ತಪ್ಪೇನೂ ಇಲ್ಲ. ಅವನು ಕೇಳಿದ್ದನ್ನು ಬರೆದ, ತಿದ್ದಬೇಕಾದವನು ನಾನಾಗಿದ್ದೆ. ಆ ಪ್ರಬಂಧದ ಭಾಷೆಗೆ ಅಂದು ಕೊಟ್ಟ ಅಂಕಗಳನ್ನು ಇಂದೂ ಕೊಡುತ್ತೇನೆ. ವಿಷಯಕ್ಕೆ ಕೊಟ್ಟ ಅಂಕಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.